ವಿಡಿಯೊ ಆಟಗಳಲ್ಲಿ ಚಿತ್ರಮಾರ್ಗದ ಔಚಿತ್ಯ

ಕೋಲಾರ ಸೀಮೆಯು ಕನ್ನಡ ಸಾರಸ್ವತ ಲೋಕಕ್ಕೆ ಇತ್ತ ಹಿರಿಯರಲ್ಲಿ ಇಬ್ಬರ ಹೆಸರು ಜೊತೆಜೊತೆಯಾಗಿಯೇ ನೆನಪಿಗೆ ಬರುತ್ತದೆ. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಒಬ್ಬರು, 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇನ್ನೊಬ್ಬರು. ಇಬ್ಬರೂ ಒಂದೇ ಸೀಮೆಯ ನೀರು ಕುಡಿದವರು, ಒಂದೇ ಕಾಲದಲ್ಲಿ ಬಾಳಿದವರು. ಆದರೂ ಹೆಸರನ್ನು ಮುಚ್ಚಿ ಒಬ್ಬರ ಪುಟವನ್ನು ಓದಿದರೆ ಅದು ಇನ್ನೊಬ್ಬರದೆಂದು ಯಾರೂ ಭ್ರಮಿಸಲಾರರು. ಗುಂಡಪ್ಪನವರು ತಮ್ಮ ಕಗ್ಗಕ್ಕೆ ನಾಲ್ಕು ಸಾಲಿನ ಪದ್ಯವೊಂದನ್ನೇ ಕಟ್ಟಳೆಯಾಗಿ ವಿಧಿಸಿಕೊಂಡು, ಆ ಇಕ್ಕಟ್ಟಿನಲ್ಲಿಯೇ ಜೀವನದರ್ಶನವನ್ನು ತುಂಬಿದರು. ಮಾಸ್ತಿಯವರು ಅಲಂಕಾರಗಳನ್ನು ಬಲ್ಲವರಾಗಿದ್ದೂ ಅವನ್ನು ಬದಿಗಿರಿಸಿ, ಊರ ಹಿರಿಯರೊಬ್ಬರು ಜಗಲಿಯ ಮೇಲೆ ಕುಳಿತು ಹೇಳುವ ಹಾಗೆ ಕಥೆಯನ್ನು ಹೇಳಿದರು. ಇಬ್ಬರೂ ತಾವು ಏನನ್ನು ಬಿಡಬೇಕೆಂಬುದನ್ನು ಮೊದಲು ನಿಶ್ಚಯಿಸಿದವರು. ಆ ನಿಶ್ಚಯದಿಂದಲೇ ಅವರವರ ಮುದ್ರೆ ಮೂಡಿತು.

ಹೀಗೆ ಹೆಸರಿಲ್ಲದೆಯೂ ಕರ್ತೃವನ್ನು ತೋರಿಸಿಕೊಡುವ ಗುಣಕ್ಕೆ ಪ್ರಾಚೀನರು 'ಮಾರ್ಗ'ವೆಂದರು, 'ರೀತಿ'ಯೆಂದರು. ಕಾವ್ಯದ ಆತ್ಮವೇ ರೀತಿಯೆಂಬುದು ವಾಮನನ ಮತ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಹೆಸರಿನಲ್ಲಿಯೇ ಮಾರ್ಗವನ್ನು ಹೊತ್ತು, ದಕ್ಷಿಣೋತ್ತರ ಮಾರ್ಗಗಳ ಭೇದವನ್ನು ವಿಸ್ತಾರವಾಗಿ ನಿರೂಪಿಸಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಇವೆಲ್ಲಕ್ಕೂ ಮೇಲೆ ಔಚಿತ್ಯವೆಂಬ ತತ್ತ್ವವನ್ನು ಸ್ಥಾಪಿಸಿದನು. ಯಾವುದು ಯಾವುದಕ್ಕೆ ಸಲ್ಲುತ್ತದೆಯೋ ಅದು ಅಲ್ಲಿದ್ದರೆ ಶೋಭೆ. ಕೊರಳಿಗೆ ಒಡ್ಯಾಣ ಕಟ್ಟಿ ಸೊಂಟಕ್ಕೆ ಹಾರ ಸುತ್ತಿಕೊಂಡರೆ ಚಿನ್ನವೂ ನಗೆಪಾಟಲಾಗುತ್ತದೆ ಎಂಬುದು ಅದರ ತಿರುಳು.

ಈ ಹಳೆಯ ವಿಚಾರವನ್ನು ಇಲ್ಲಿ ಮತ್ತೆ ಎತ್ತಿಕೊಳ್ಳಲು ಕಾರಣವಾದದ್ದು ಅತ್ಯಂತ ಹೊಸದಾದ ಒಂದು ಕಲೆ. ಗಣಕಯಂತ್ರದ ತೆರೆಯ ಮೇಲೂ ಕೈಯಲ್ಲಿರುವ ಫೋನಿನ ಮೇಲೂ ಮಕ್ಕಳು ಆಡುವ ವಿಡಿಯೊ ಆಟಗಳನ್ನು ಹಿರಿಯರು ಬಹುಮಟ್ಟಿಗೆ ಕಾಲಹರಣವೆಂದು ತಳ್ಳಿಹಾಕುತ್ತಾರೆ. ಆ ಆತಂಕ ನಿರಾಧಾರವಾದುದೇನೂ ಅಲ್ಲ. ದ್ಯೂತದಿಂದ ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದ ಜನಕ್ಕೆ ಆಟದ ಅಪಾಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಆಡುವುದು ಬೇರೆ, ಆಟವನ್ನು ರಚಿಸುವುದು ಬೇರೆ. ಒಂದು ವಿಡಿಯೊ ಆಟದಲ್ಲಿ ಕಥೆಯಿದೆ, ಚಿತ್ರವಿದೆ, ಸಂಗೀತವಿದೆ, ಗಣಿತವಿದೆ. ನಾಟಕಕ್ಕೆ ಬೇಕಾದುದೆಲ್ಲವೂ ಇದ್ದು, ಪ್ರೇಕ್ಷಕನೇ ಪಾತ್ರಧಾರಿಯಾಗುವುದೊಂದು ಇಲ್ಲಿ ವಿಶೇಷ. ಇಂತಹ ರಚನೆಯಲ್ಲಿ ಈ ಸೀಮೆಯ ತರುಣರು ತೊಡಗುವ ದಿನಗಳು ಬಂದಿವೆ. ಆದುದರಿಂದ ಅದರ ಚಿತ್ರಭಾಗವು ಹೇಗಿರಬೇಕೆಂಬ ಪ್ರಶ್ನೆ ಶಿಕ್ಷಕರ ವಿಚಾರಕ್ಕೂ ದಾನಿಗಳ ವಿಚಾರಕ್ಕೂ ಯೋಗ್ಯವಾದುದಾಗಿದೆ.

ವಿಡಿಯೊ ಆಟಗಳಲ್ಲಿ ಎರಡು ಬಗೆಗಳುಂಟು. ನೂರಾರು ಮಂದಿ ಕಲಾವಿದರನ್ನಿಟ್ಟುಕೊಂಡು, ಕೋಟಿಗಟ್ಟಲೆ ಹಣ ಸುರಿದು ದೊಡ್ಡ ಕಂಪನಿಗಳು ಸಿದ್ಧಪಡಿಸುವ ಆಟಗಳು ಒಂದು ಬಗೆ. ಮೂವರೋ ಆರು ಮಂದಿಯೋ ಗೆಳೆಯರು ಸೇರಿ, ತಮ್ಮ ಉಳಿತಾಯವನ್ನೇ ಬಂಡವಾಳ ಮಾಡಿಕೊಂಡು, ಯಾರ ಅಪ್ಪಣೆಗೂ ಕಾಯದೆ ರಚಿಸುವ ಸ್ವತಂತ್ರ ಆಟಗಳು ಇನ್ನೊಂದು ಬಗೆ. ಮೊದಲನೆಯವರು ಒಂದೊಂದು ಎಲೆಯನ್ನೂ ಒಂದೊಂದು ಕೂದಲೆಳೆಯನ್ನೂ ನಿಜವೆಂಬಂತೆ ತೋರಿಸಬಲ್ಲರು. ಎರಡನೆಯವರು ಆ ಹಾದಿಯಲ್ಲಿ ಪೈಪೋಟಿಗೆ ನಿಂತರೆ ಸೋಲು ಶತಸ್ಸಿದ್ಧ. ಅವರಿಗೆ ಉಳಿದಿರುವ ಬಲವೆಂದರೆ ತಮ್ಮದೇ ಆದ ಚಿತ್ರಶೈಲಿ. ಸಾವಿರ ಆಟಗಳ ನಡುವೆ ಒಂದು ಚಿತ್ರವನ್ನು ಕಂಡೊಡನೆಯೇ ಇದು ಇಂಥದೇ ಆಟವೆಂದು ಗುರುತು ಹತ್ತಬೇಕು. ಹೀಗಿರುವಾಗ ಸ್ವತಂತ್ರ ಆಟಕ್ಕೆ ಶೈಲಿಯೆಂಬುದು ಕೊನೆಗೆ ತೊಡಿಸುವ ಒಡವೆಯಲ್ಲ, ಮೊದಲಿಗೇ ಹಾಕಬೇಕಾದ ತಳಪಾಯ.

ಆಟಕ್ಕೆ ಚಿತ್ರಶೈಲಿಯನ್ನು ಆಯ್ದುಕೊಳ್ಳುವ ಈ ಕೆಲಸ ಕನ್ನಡ ನಾಡಿಗೆ ಹೊಸದೆಂದು ಯಾರೂ ತಿಳಿಯಬೇಕಾಗಿಲ್ಲ. ಗಂಜೀಫ ಎಂಬ ದುಂಡನೆಯ ಎಲೆಗಳ ಆಟ ಇದಕ್ಕೆ ಸಾಕ್ಷಿ. ಮೊಗಲ್ ಚಕ್ರವರ್ತಿ ಬಾಬರನು 1527ರಲ್ಲಿ ಸಿಂಧಿನ ಮಿತ್ರನೊಬ್ಬನಿಗೆ ಇಂಥ ಎಲೆಗಳನ್ನು ಕಳುಹಿಸಿಕೊಟ್ಟನೆಂದು ಅವನ ಆತ್ಮಚರಿತ್ರೆಯಿಂದ ತಿಳಿಯುತ್ತದೆ. ಮೊಗಲರ ಆಟದಲ್ಲಿ ಎಂಟು ಪಂಗಡ, ಪಂಗಡಕ್ಕೆ 12ರಂತೆ 96 ಎಲೆಗಳಿದ್ದವು. ಭಾರತೀಯರು ಅದನ್ನು ಹಾಗೆಯೇ ಎತ್ತಿಕೊಳ್ಳದೆ, ಹತ್ತು ಅವತಾರಗಳಿಗೆ ಹತ್ತು ಪಂಗಡ ಮಾಡಿ, 120 ಎಲೆಗಳ ದಶಾವತಾರ ಗಂಜೀಫವನ್ನು ರೂಪಿಸಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇದನ್ನು ಇನ್ನೂ ಬೆಳೆಸಿ, ತಾವೇ ಹೊಸ ಹೊಸ ಆಟಗಳನ್ನು ಕಲ್ಪಿಸಿ, ಅವುಗಳ ಲಕ್ಷಣವನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ದಾಖಲು ಮಾಡಿಸಿದರು. ಆಸ್ಥಾನದ ಚಿತ್ರಕಾರರು ಅವಕ್ಕೆ ಮೈಸೂರು ಸಂಪ್ರದಾಯದ ನವುರಾದ ರೇಖೆಯನ್ನು ಕೊಟ್ಟರು. ಹೊರಗಿನಿಂದ ಬಂದ ಆಟವೊಂದು ಹೀಗೆ ಮೈಸೂರಿನದಾಯಿತು.

ಗಂಜೀಫದಿಂದ ಇಂದಿನವರು ಕಲಿಯಬೇಕಾದ ಪಾಠ ಬೇರೊಂದಿದೆ. ಆ ಎಲೆಯ ಅಗಲ ಅಂಗೈಯೊಳಗೆ ಅಡಗುವಷ್ಟು. ಆಡುವವನ ಕೈಯಲ್ಲಿ ಹತ್ತಾರು ಎಲೆಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಕಾಣುವುದು ಅಂಚು ಮಾತ್ರ. ಅದಕ್ಕಾಗಿಯೇ ಚಿತ್ರಕಾರರು ಒಂದೊಂದು ಪಂಗಡಕ್ಕೂ ಒಂದೊಂದು ನೆಲಬಣ್ಣವನ್ನು ಕೊಟ್ಟರು. ಅಂಚಿನ ಬಣ್ಣ ಕಂಡೊಡನೆಯೇ ಪಂಗಡ ತಿಳಿಯುತ್ತದೆ. ಬಿಡಿ ಎಲೆಗಳ ಬೆಲೆ ಅವುಗಳ ಮೇಲಿನ ಚಿಹ್ನೆಗಳ ಎಣಿಕೆಯಿಂದ ತಿಳಿಯುತ್ತದೆ. ರಾಜ ಮತ್ತು ಮಂತ್ರಿಯ ಎಲೆಗಳು ಪೂರ್ಣಚಿತ್ರದಿಂದ ಎದ್ದು ಕಾಣುತ್ತವೆ. ಸೌಂದರ್ಯವೂ ಉಪಯೋಗವೂ ಅಲ್ಲಿ ಬೇರೆ ಬೇರೆಯಾಗಿರಲಿಲ್ಲ. ಗೋಡೆಯ ಮೇಲಿನ ಚಿತ್ರವನ್ನು ನಿಂತು ನೋಡಬಹುದು. ಆಟದ ಚಿತ್ರವನ್ನಾದರೋ ನೋಡಿ, ನಿರ್ಧರಿಸಿ, ಮರುಕ್ಷಣವೇ ಕೈ ಆಡಿಸಬೇಕು. ಕಾಣಬೇಕಾದುದು ಕಾಣದಿದ್ದರೆ ಎಷ್ಟೇ ಅಂದವಾದ ಚಿತ್ರವಾದರೂ ಆಟಕ್ಕೆ ಅದು ಅನುಚಿತ. ಇದು ಮೊದಲನೆಯ ಔಚಿತ್ಯ.

ಇಷ್ಟು ಹಳೆಯ ಪರಂಪರೆಯುಳ್ಳ ನಾಡಿನಲ್ಲಿ ವಿಡಿಯೊ ಆಟಗಳ ಚಿತ್ರರಚನೆ ಯಾವ ದಾರಿ ಹಿಡಿಯಿತೆಂಬುದನ್ನು ಗಮನಿಸಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿತು. ಭಾರತದ ಮೊದಮೊದಲ ಆಟನಿರ್ಮಾಣ ಸಂಸ್ಥೆಗಳಲ್ಲಿ ಅದೊಂದು. ಹೊರದೇಶಗಳ ಹೆಸರಾಂತ ಆಟಗಳಿಗೆ ಬೇಕಾದ ಕಾರು, ಕಟ್ಟಡ ಮೊದಲಾದವನ್ನು ಅಲ್ಲಿಯ ಕಲಾವಿದರು ನಿಷ್ಠೆಯಿಂದ ರಚಿಸಿಕೊಟ್ಟು ಕೀರ್ತಿಯನ್ನು ಸಂಪಾದಿಸಿದರು. 2019ರಲ್ಲಿ ಆ ಸಂಸ್ಥೆಯು ರಾಕ್‌ಸ್ಟಾರ್ ಎಂಬ ವಿದೇಶೀ ಸಂಸ್ಥೆಯ ಪಾಲಾಯಿತು. ಕರ್ನಾಟಕ ಸರ್ಕಾರವು 2012ರಲ್ಲಿಯೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಇದರಿಂದ ಅನೇಕರಿಗೆ ಉದ್ಯೋಗ ದೊರೆತದ್ದು ಸಂತೋಷದ ವಿಷಯವೇ. ಮಾಲೂರಿನಿಂದಲೋ ಬಂಗಾರಪೇಟೆಯಿಂದಲೋ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಅನಿಮೇಷನ್ ಕಲಿಯುವ ತರುಣನಿಗೆ ಈ ಉದ್ಯಮವೇ ಭರವಸೆ.

ಆದರೆ ಕೈ ಇಲ್ಲಿಯದಾಗಿ ಮಾರ್ಗ ಬೇರೆಯವರದಾದರೆ ಆ ಕೈಯ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಒಪ್ಪಿಸಿದ ನಕ್ಷೆಗೆ ತಕ್ಕಂತೆ ಬರೆದುಕೊಡುವುದು ಗೌರವದ ದುಡಿಮೆಯೇ ಸರಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದ ನಾಡು ಇದು. ಹಾಗಿದ್ದರೂ ಇಪ್ಪತ್ತೈದಕ್ಕೂ ಮಿಕ್ಕು ವರ್ಷಗಳ ಅಭ್ಯಾಸದಿಂದ ಪಳಗಿದ ಕೈಗಳು ತಮ್ಮ ಕಥೆಯನ್ನು ತಮ್ಮ ರೇಖೆಯಲ್ಲಿ ಹೇಳುವ ಪ್ರಯತ್ನಗಳು ಇನ್ನೂ ವಿರಳವಾಗಿರುವುದು ಚಿಂತಿಸಬೇಕಾದ ಸಂಗತಿ.

ಅನ್ಯರು ಏನು ಮಾಡಿದರೆಂಬುದಕ್ಕೆ ಕೆಲವು ನಿದರ್ಶನಗಳನ್ನು ನೋಡಬಹುದು. ಡೆನ್ಮಾರ್ಕಿನ ಚಿಕ್ಕ ಸಂಸ್ಥೆಯೊಂದು 2010ರಲ್ಲಿ ಹೊರತಂದ 'ಲಿಂಬೊ' ಎಂಬ ಆಟದಲ್ಲಿ ಬಣ್ಣವೇ ಇಲ್ಲ. ಕಪ್ಪು, ಬಿಳಿ, ನಡುವೆ ಮಂಜು. ತಂಗಿಯನ್ನು ಹುಡುಕುತ್ತ ಕಾಡಿನಲ್ಲಿ ನಡೆಯುವ ಬಾಲಕನು ಬರಿಯ ನೆರಳು. ಮುಖದಲ್ಲಿ ಕಾಣುವುದು ಎರಡು ಬೆಳಕಿನ ಚುಕ್ಕಿಗಳಂತಹ ಕಣ್ಣು ಮಾತ್ರ. ಮುಂದೇನಿದೆಯೋ ಎಂಬ ಭಯವೇ ಆ ಕಥೆಯ ಸ್ಥಾಯಿಯಾದುದರಿಂದ ಕತ್ತಲೆಯೇ ಅದಕ್ಕೆ ತಕ್ಕ ಬಣ್ಣವಾಯಿತು. ತೊಗಲುಗೊಂಬೆಯಾಟವನ್ನು ಕಂಡ ಕನ್ನಡಿಗನಿಗೆ ತೆರೆಯ ಮೇಲಿನ ನೆರಳಿನ ಶಕ್ತಿ ಎಂಥದೆಂದು ವಿವರಿಸಬೇಕಾಗಿಲ್ಲ. ರಸಕ್ಕೆ ತಕ್ಕ ಶೈಲಿ, ಇದು ಎರಡನೆಯ ಔಚಿತ್ಯ.

ಕೆನಡಾ ದೇಶದ ಇಬ್ಬರು ಅಣ್ಣತಮ್ಮಂದಿರು 2017ರಲ್ಲಿ 'ಕಪ್‌ಹೆಡ್' ಎಂಬ ಆಟವನ್ನು ಹೊರತಂದರು. 1930ರ ದಶಕದ ಅಮೆರಿಕದ ವ್ಯಂಗ್ಯಚಲನಚಿತ್ರಗಳ ರೀತಿಯಲ್ಲಿ ಪ್ರತಿಯೊಂದು ಭಂಗಿಯನ್ನೂ ಕಾಗದದ ಮೇಲೆ ಕೈಯಿಂದಲೇ ಬರೆದು, ಹಿನ್ನೆಲೆಗೆ ಜಲವರ್ಣವನ್ನು ಬಳಸಿದರು. ಕೆಲಸ ವರ್ಷಗಟ್ಟಲೆ ನಡೆಯಿತು, ಮನೆಗಳನ್ನು ಅಡವಿಡಬೇಕಾಯಿತು. ಆಟವು ಜಗತ್ಪ್ರಸಿದ್ಧವಾದದ್ದು ನಿಜ, ಆದರೆ ಆ ಸಾಹಸವನ್ನು ಎಲ್ಲರಿಗೂ ಆದರ್ಶವೆಂದು ಹೇಳಲಾಗದು. ಶೈಲಿಯನ್ನು ಆಯುವಾಗ ಅದನ್ನು ಕೊನೆಯವರೆಗೆ ನಿರ್ವಹಿಸುವ ಶಕ್ತಿ ತಮಗಿದೆಯೇ ಎಂದು ಕೇಳಿಕೊಳ್ಳಬೇಕು. ಹತ್ತು ಚಿತ್ರಗಳಿಗೆ ಸೊಗಸಾಗಿ ಒದಗಿದ ಶೈಲಿ ಸಾವಿರ ಚಿತ್ರಗಳಿಗೆ ಒದಗದೆ ಹೋಗಬಹುದು. ಬಡವ ನೀನು ಮಡಗಿದಂಗಿರು ಎಂಬುದು ಅಂಜಿಕೆಯ ಮಾತು; ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ವಿವೇಕದ ಮಾತು. ಶಕ್ತಿಗೆ ತಕ್ಕ ಶೈಲಿ, ಇದು ಮೂರನೆಯ ಔಚಿತ್ಯ.

ಮಠಮಾನ್ಯಗಳು ನಡೆಸುವ ವಿದ್ಯಾಸಂಸ್ಥೆಗಳ ದೃಷ್ಟಿಯಿಂದ ಅತ್ಯಂತ ಮನನೀಯವಾದ ನಿದರ್ಶನ ಅಲಾಸ್ಕದ್ದು. ಅಲ್ಲಿಯ ಮೂಲನಿವಾಸಿಗಳ ಸೇವಾಸಂಸ್ಥೆಯಾದ ಕುಕ್ ಇನ್‌ಲೆಟ್ ಟ್ರೈಬಲ್ ಕೌನ್ಸಿಲ್ ಆಟನಿರ್ಮಾಪಕರೊಡನೆ ಸೇರಿ 2014ರಲ್ಲಿ 'ನೆವರ್ ಅಲೋನ್' ಎಂಬ ಆಟವನ್ನು ಪ್ರಕಟಿಸಿತು. ಇನ್ಯೂಪಿಯಾಕ್ ಜನರ ಒಂದು ಹಳೆಯ ಕಥೆಯನ್ನು ಅವರ ಭಾಷೆಯಲ್ಲಿಯೇ ಅದು ಹೇಳುತ್ತದೆ. ಆ ಜನರು ದಂತದ ಮೇಲೆ ಗೀರಿ ಬರೆಯುವ ಕಲೆಯ ಮಾದರಿಯಲ್ಲಿ ಅದರ ಕಥನಚಿತ್ರಗಳಿವೆ. ಕಥೆಯನ್ನು ಹೇಳಿದ್ದ ಹಿರಿಯರ ಮಗಳ ಒಪ್ಪಿಗೆಯನ್ನು ಪಡೆದು, ಸಮುದಾಯದ ವೃದ್ಧರೊಡನೆ ಕುಳಿತು ವಿಚಾರಿಸಿ ಆಟವನ್ನು ರೂಪಿಸಿದರು. ಭಾರತದಲ್ಲಿಯೂ ಪುಣೆಯ ತಂಡವೊಂದು 2020ರಲ್ಲಿ ಹೊರತಂದ 'ರಾಜಿ' ಎಂಬ ಆಟದಲ್ಲಿ ಪಹಾಡಿ ಚಿತ್ರಕಲೆಯ ಛಾಯೆಯಿದೆ, ರಾಜಸ್ಥಾನದ ಕೋಟೆಕೊತ್ತಲಗಳಿವೆ, ಕಥಾಭಾಗಕ್ಕೆ ನೆರಳುಗೊಂಬೆಯ ರೀತಿಯಿದೆ. ಯಾರ ಕಥೆಯೋ ಅವರ ಕಣ್ಣಿನಿಂದ ನೋಡಿದ ಶೈಲಿ, ಇದು ನಾಲ್ಕನೆಯ ಔಚಿತ್ಯ.

ಹಾಗಾದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತರುಣನೊಬ್ಬನು ತನ್ನ ಸೀಮೆಯನ್ನು ಯಾವ ಕಣ್ಣಿನಿಂದ ನೋಡಬೇಕು? 2018 ಮತ್ತು 2022ರಲ್ಲಿ ಬಂದ ಕೆ. ಜಿ. ಎಫ್. ಚಲನಚಿತ್ರಗಳ ಬಳಿಕ ಹೊರಗಿನವರಿಗೆ ಕೋಲಾರವೆಂದರೆ ಕಪ್ಪು ಧೂಳು, ಬೆಂಕಿ, ಕತ್ತಲೆ. ಅದು ಆ ಚಿತ್ರಕಥೆಗೆ ಬೇಕಾಗಿದ್ದ ಬಣ್ಣ, ಅದರಲ್ಲಿ ತಪ್ಪಿಲ್ಲ. ಆದರೆ ಇಲ್ಲಿ ಹುಟ್ಟಿ ಬೆಳೆದ ಹುಡುಗನೂ ಕಣ್ಣೆದುರಿನ ಊರನ್ನು ಬಿಟ್ಟು ಆ ಕಪ್ಪನ್ನೇ ಬರೆಯತೊಡಗಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಪಕ್ಕದಲ್ಲಿ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳ ಬಣ್ಣ ಕಪ್ಪಲ್ಲ, ಮಾಸಲು ಬಿಳುಪು. ಮಾಲೂರಿನ ಹೆಂಚಿನ ಕೆಂಪು, ಅಂತರಗಂಗೆಯ ಬಂಡೆಗಳ ಬೂದು, ಶ್ರೀನಿವಾಸಪುರದ ಮಾವಿನ ತೋಪಿನ ದಟ್ಟ ಹಸಿರು, ಕೆರೆಯಂಗಳದ ಕೆಮ್ಮಣ್ಣು, ಇವು ಈ ಸೀಮೆಯ ವರ್ಣಮಾಲೆ.

ರೂಪಗಳಿಗೂ ಇಲ್ಲಿ ಕೊರತೆಯಿಲ್ಲ. ಕೋಲಾರದ ಸೋಮೇಶ್ವರ ದೇವಾಲಯದಲ್ಲಿ ವಿಜಯನಗರ ಕಾಲದ ಕಂಬಗಳ ಕೆತ್ತನೆಯಿದೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಸನ್ನಿಧಿಯಿದೆ. ಲವಕುಶರ ಐತಿಹ್ಯವನ್ನು ಹೊತ್ತ ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳ ಸಮೂಹವೇ ಇದೆ. ನಾಡಿನ ತುಂಬ ಹರಡಿರುವ ವೀರಗಲ್ಲುಗಳಂತೂ ಆಟದ ರಚನೆಗೆ ಹೇಳಿ ಮಾಡಿಸಿದ ಹಾಗಿವೆ. ಬಹುಪಾಲು ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಏರುವ ಕಥನಕ್ರಮವನ್ನು ಅನಾಮಧೇಯ ಶಿಲ್ಪಿಗಳು ಒಂದೇ ಕಲ್ಲಿನಲ್ಲಿ ಸಾಧಿಸಿದ್ದಾರೆ.

ಇನ್ನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಜೀವಂತ ಶಿಲ್ಪಶಾಲೆ. ಅಲ್ಲಿಯ ಶಿಲ್ಪಿಗಳು ಕಲ್ಲಿನಲ್ಲಿಯೂ ಲೋಹದಲ್ಲಿಯೂ ಮೂರ್ತಿಗಳನ್ನು ರೂಪಿಸುವಾಗ ಅನುಸರಿಸುವ ತಾಳಮಾನದಲ್ಲಿ ಇಂದಿನ ಆಟಗಾರಿಕೆಗೆ ಬೇಕಾದ ಸೂಕ್ಷ್ಮವೊಂದು ಅಡಗಿದೆ. ಮುಖದ ಉದ್ದವೇ ಒಂದು ತಾಳ. ದೇವತಾಮೂರ್ತಿಗೆ ನವತಾಳ, ದಶತಾಳಗಳ ಎತ್ತರ ಸಲ್ಲುತ್ತದೆ, ಗಣಪತಿಗೆ ಪಂಚತಾಳ. ತಾಳ ಕಡಿಮೆಯಾದಂತೆಲ್ಲ ದೇಹಕ್ಕೆ ಹೋಲಿಸಿದರೆ ಮುಖ ದೊಡ್ಡದಾಗುತ್ತದೆ, ರೂಪದಲ್ಲಿ ಬಾಲಭಾವ ಮೂಡುತ್ತದೆ. ಫೋನಿನ ತೆರೆಯ ಮೇಲೆ ಕಥಾನಾಯಕನ ಎತ್ತರ ಉಗುರಿನಷ್ಟು. ಅವನನ್ನು ನವತಾಳದಲ್ಲಿ ಬರೆದರೆ ಮುಖ ಸಾಸಿವೆಯಾಗುತ್ತದೆ, ಭಾವ ಕಾಣುವುದಿಲ್ಲ. ಅದಕ್ಕಾಗಿಯೇ ಜಗತ್ತಿನ ಎಷ್ಟೋ ಆಟಗಳಲ್ಲಿ ನಾಯಕನ ತಲೆ ದೊಡ್ಡದು, ಮೈ ಪುಟ್ಟದು. ಅವನು ಎರಡು ಮೂರು ತಾಳಗಳವನು. ಹೊರದೇಶದವರು ಅನುಭವದಿಂದ ಕಂಡುಕೊಂಡ ಈ ಉಪಾಯವನ್ನು ಶಿವಾರಪಟ್ಟಣದ ಶಿಲ್ಪಿಯು ಶಾಸ್ತ್ರದಿಂದಲೇ ಬಲ್ಲನು. ಪಕ್ಕದ ಊರಿನ ಹುಡುಗ ಒಂದು ದಿನ ಅಲ್ಲಿ ಕುಳಿತು ಕೇಳಿದರೆ ಸಾಕು.

ಶಾಸ್ತ್ರವೆಂದರೆ ಕಟ್ಟಳೆ, ಕಟ್ಟಳೆಯಿಲ್ಲದೆ ಶೈಲಿಯಿಲ್ಲ. ಮುಳಬಾಗಿಲಿನ ಬಳಿಯ ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಗಣಪತಿಯನ್ನು ಕಾಣಲು ಹೋದವರಿಗೆ ಅಲ್ಲಿಯ ಸೋಮೇಶ್ವರ ಗುಡಿಯನ್ನೂ ತೋರಿಸುತ್ತಾರೆ. ಅದರ ಅರ್ಧ ಜಕಣಾಚಾರಿಯದು, ಉಳಿದರ್ಧ ಮಗ ಡಂಕಣನದು ಎಂಬುದು ಜನರ ನಂಬಿಕೆ. ಎರಡು ಕೈಗಳು ಒಂದೇ ಗುಡಿಯಲ್ಲಿ ದುಡಿದರೆ ಭೇದ ಕಾಣದಿರದು. ಆದರೂ ಗುಡಿ ಒಂದೇ ಆಗಿ ನಿಂತಿದೆ. ಮೂವರು ಸೇರಿ ಆಟ ರಚಿಸುವಾಗಲೂ ಇದೇ ಸಮಸ್ಯೆ. ರೇಖೆ ಎಷ್ಟು ದಪ್ಪ, ಬಣ್ಣ ಎಷ್ಟು, ಬೆಳಕು ಯಾವ ದಿಕ್ಕಿನಿಂದ, ನಾಯಕನಿಗೆ ಎಷ್ಟು ತಾಳ ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮೂರು ಕೈಗಳು ಒಂದು ಕೈಯಾಗುತ್ತವೆ.

ಇದೆಲ್ಲವೂ ಬರಿಯ ತತ್ತ್ವವಾಗಿ ಉಳಿಯದಿರಲೆಂದು ಒಂದು ಆಟವನ್ನು ಕಲ್ಪಿಸಿಕೊಳ್ಳಬಹುದು. ತುಂಬಿ ಹರಿಯುವ ನದಿಯಿಲ್ಲದ ಈ ಜಿಲ್ಲೆಯನ್ನು ಶತಮಾನಗಳ ಕಾಲ ಸಾಕಿದ್ದು ಕೆರೆಗಳ ಸರಣಿ. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ತೂಬನ್ನು ಎತ್ತಿ, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಆ ನೀರುಗಂಟಿಯೇ ಆಟದ ನಾಯಕನಾಗಲಿ. ಇರುವ ನೀರು ಕಡಿಮೆ, ಕೇಳುವವರು ಹೆಚ್ಚು. ಯಾರಿಗೆ ಎಷ್ಟು, ಯಾವಾಗ ಎಂಬುದೇ ಆಟ. ಇಲ್ಲಿ ಆಡುವವನಿಗೆ ಕೆರೆಯ ವಿಸ್ತಾರ ಮೇಲಿನಿಂದ ಕಾಣಬೇಕು, ಮನುಷ್ಯರ ಮುಖ ಪಕ್ಕದಿಂದ ಕಾಣಬೇಕು. ಈಗಿನ ನಿಜರೂಪದ ಚಿತ್ರಕ್ರಮದಲ್ಲಿ ಇವೆರಡೂ ಒಟ್ಟಿಗೆ ಕೂಡುವುದು ಕಷ್ಟ. ಭಾರತದ ಹಳೆಯ ಚಿತ್ರಕಾರರಿಗಾದರೋ ಇದು ಸಹಜ. ಅವರು ಕೊಳವನ್ನು ಮೇಲಿನಿಂದ ನೋಡಿದಂತೆ ಹಾಸಿ, ಅದರೊಳಗೆ ಮೀನು ತಾವರೆಗಳನ್ನು ಬರೆದು, ದಡದ ಮರಗಳನ್ನೂ ಜನರನ್ನೂ ಪಕ್ಕದಿಂದ ನಿಲ್ಲಿಸುತ್ತಿದ್ದರು.

ಬಣ್ಣಕ್ಕೆ ಗುರು ಹತ್ತಿರದಲ್ಲಿಯೇ ಇದ್ದಾನೆ. ಗಡಿಯಾಚೆ ಹಿಂದೂಪುರದ ಬಳಿಯ ಲೇಪಾಕ್ಷಿಯ ವೀರಭದ್ರ ದೇವಾಲಯದ ಮುಚ್ಚಿಗೆಯಲ್ಲಿ ಹದಿನಾರನೆಯ ಶತಮಾನದ ವಿಜಯನಗರದ ವರ್ಣಚಿತ್ರಗಳಿವೆ. ಕಾವಿಯ ನೆಲ, ಕಪ್ಪು ರೇಖೆ, ಹಳದಿ, ಬಿಳಿ, ಹಸಿರು ಮೊದಲಾದ ಕೆಲವೇ ಬಣ್ಣಗಳು, ಪಾರ್ಶ್ವಮುಖದ ಚೂಪು ಮೂಗು, ಸೀರೆಗಳ ಮೇಲೆ ಬಗೆಬಗೆಯ ಬುಟ್ಟಾ. ಈ ಕ್ರಮದಲ್ಲಿ ನೀರುಗಂಟಿಯ ಆಟವನ್ನು ಬರೆದು, ನೀಲಿಯನ್ನು ನೀರಿಗೆ ಮಾತ್ರವೇ ಮೀಸಲಿಟ್ಟರೆ ಹೇಗಿರಬಹುದು? ಆಕಾಶಕ್ಕೂ ನೀಲಿಯಿಲ್ಲ, ಬಟ್ಟೆಗೂ ನೀಲಿಯಿಲ್ಲ. ಆಗ ಗಂಜೀಫದ ನೆಲಬಣ್ಣದಂತೆ ನೀರು ಎಲ್ಲಿದ್ದರೂ ಕಣ್ಣಿಗೆ ಹೊಳೆಯುತ್ತದೆ. ಆಡುವವನು ತಪ್ಪು ಮಾಡಿದರೆ ತೆರೆಯ ಮೇಲಿನ ನೀಲಿ ಇಂಗುತ್ತ ಇಂಗುತ್ತ, ಕೊನೆಗೆ ಬರಿಯ ಕೆಮ್ಮಣ್ಣು ಉಳಿಯುತ್ತದೆ. ಸೋತೆಯೆಂದು ಅಕ್ಷರಗಳಲ್ಲಿ ಬರೆದು ತೋರಿಸಬೇಕಾಗಿಲ್ಲ. ಬರಗಾಲವೆಂದರೇನೆಂಬುದನ್ನು ಬಣ್ಣವೇ ಹೇಳುತ್ತದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನು ನೆನೆಯುವ ಪರಂಪರೆಯ ಮಕ್ಕಳಿಗೆ ಇಂಥ ಆಟ ಪರಕೀಯವಾಗದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿದೇಶದ ಆಟವೊಂದನ್ನು ಹಾಗೆಯೇ ಎತ್ತಿಕೊಂಡು, ಅದರ ಗೋಡೆಗೆ ಗೋಪುರವನ್ನೂ ಬಾಗಿಲಿಗೆ ಕೀರ್ತಿಮುಖವನ್ನೂ ಅಂಟಿಸಿದರೆ ಅದು ದೇಶೀಯವಾಗುವುದಿಲ್ಲ. ಅದೇ ಕೊರಳಿನ ಒಡ್ಯಾಣ. ಪೂಜ್ಯ ವಸ್ತುಗಳ ವಿಷಯದಲ್ಲಂತೂ ಮತ್ತಷ್ಟು ವಿವೇಚನೆ ಬೇಕು. ಗಂಜೀಫದ ಎಲೆಯ ಮೇಲೆ ಅವತಾರಮೂರ್ತಿಯನ್ನು ಬರೆದವರು ಭಕ್ತರೇ. ಅದರಿಂದ ಯಾರಿಗೂ ನೋವಾಗಲಿಲ್ಲ. ಆದರೆ ಇಷ್ಟಲಿಂಗವನ್ನೋ ರುದ್ರಾಕ್ಷಿಯನ್ನೋ ಓಡುತ್ತ ಹೆಕ್ಕಿ ಗುಡ್ಡೆ ಹಾಕುವ ನಾಣ್ಯದಂತೆ ಚಿತ್ರಿಸಿದರೆ ಅದು ಅಜ್ಞಾನದಿಂದ ಆದರೂ ಅಪಚಾರವೇ. ಅಲಾಸ್ಕದವರಂತೆ ಬಲ್ಲವರೊಡನೆ ಕುಳಿತು ಕೇಳುವುದು ಇದಕ್ಕೆ ಪರಿಹಾರ. ಅಂತಹ ಮಾರ್ಗದರ್ಶನವನ್ನು ನೀಡಲು ಮಠಗಳಿಗಿಂತ ಯೋಗ್ಯವಾದ ಸ್ಥಾನ ಬೇರಾವುದಿದೆ?

ಏನನ್ನು ಬಿಡಬೇಕೆಂಬ ವಿವೇಕಕ್ಕೂ ಶರಣಪರಂಪರೆಯಲ್ಲಿಯೇ ಮಾದರಿಯಿದೆ. ಪತಿಯಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಸರ್ವವಿದಿತ. ಕಲೆಯಲ್ಲಿಯೂ ಅಂದಿಗೆ ಬೇಕಾದಷ್ಟೇ ರೇಖೆ, ಅಂದಿಗೆ ಬೇಕಾದಷ್ಟೇ ಬಣ್ಣ. ಅಧಿಕವಾದುದನ್ನು ಹಿಂದಕ್ಕೆ ಸುರಿಯಬಲ್ಲ ಕಲಾವಿದನಿಗೆ ಶೈಲಿ ತಾನಾಗಿ ಒಲಿಯುತ್ತದೆ.

ಈಗ ಇದಕ್ಕೆ ವಿರುದ್ಧವಾದ ಒಂದು ಆಕರ್ಷಣೆ ಎದುರಾಗಿದೆ. ನಾಲ್ಕು ಮಾತು ಬರೆದರೆ ಯಂತ್ರವೇ ಕ್ಷಣಾರ್ಧದಲ್ಲಿ ಚಿತ್ರವನ್ನು ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳು 2022ರಿಂದೀಚೆಗೆ ಜನಸಾಮಾನ್ಯರ ಕೈಗೂ ಬಂದಿವೆ. ಇನ್ನು ಕೈಯಿಂದ ಬರೆಯುವ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಯಂತ್ರವನ್ನು ದೂಷಿಸಿ ಫಲವಿಲ್ಲ. ಹಾರೆ ಗುದ್ದಲಿಗಳೂ ಯಂತ್ರಗಳೇ. ಆದರೆ ಯಂತ್ರವು ಈಗಾಗಲೇ ಇರುವ ಅಸಂಖ್ಯ ಚಿತ್ರಗಳಿಂದ ಕಲಿತದ್ದನ್ನೇ ಬೆರೆಸಿ ಕೊಡುತ್ತದೆ. ಕೇಳಿದವರಿಗೆಲ್ಲ ಸಿಗುವ ಶೈಲಿ ಯಾರ ಗುರುತೂ ಆಗಲಾರದು. ಕೋಲಾರವನ್ನು ಬರೆಯೆಂದರೆ ಅದು ಚಲನಚಿತ್ರದ ಕಪ್ಪು ಧೂಳನ್ನೇ ಕೊಟ್ಟರೂ ಆಶ್ಚರ್ಯವಿಲ್ಲ. ಕುರುಡುಮಲೆಯ ಕಂಬದ ಮುಂದೆ ಬಿಸಿಲಿನಲ್ಲಿ ಕುಳಿತ ಅನುಭವ ಅದಕ್ಕಿಲ್ಲ. ಅದು ಕೊಟ್ಟದ್ದರಲ್ಲಿ ಯಾವುದು ಉಚಿತ, ಯಾವುದು ಅನುಚಿತ ಎಂದು ವಿಂಗಡಿಸುವುದಕ್ಕಾದರೂ ನೋಡಿ ಪಳಗಿದ ಕಣ್ಣು ಬೇಕು. ಆ ಕಣ್ಣು ಪಳಗುವುದು ಕೈ ಬರೆದಾಗ ಮಾತ್ರ.

ಹೀಗೆ ವಿಚಾರವು ಕೊನೆಗೆ ಬಂದು ನಿಲ್ಲುವುದು ಶಾಲೆಯ ಹೊಸ್ತಿಲಲ್ಲಿ. ದಾನಿಗಳು ಉದಾರವಾಗಿ ಗಣಕಯಂತ್ರಗಳನ್ನು ಕೊಡುತ್ತಿದ್ದಾರೆ, ಅದು ಸ್ತುತ್ಯ. ಆದರೆ ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಯ ಮಾಸ್ತರರು ನಿವೃತ್ತರಾದ ಮೇಲೆ ಆ ಸ್ಥಾನ ಬರಿದಾಗಿಯೇ ಉಳಿಯುತ್ತದೆ. ಆ ತರಗತಿಯ ಗಂಟೆಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡುತ್ತಾರೆ. ಹತ್ತು ಯಂತ್ರಗಳ ಕೋಣೆಗೆ ಒಬ್ಬ ಚಿತ್ರಕಲಾ ಶಿಕ್ಷಕರಿಲ್ಲದಿದ್ದರೆ ಆ ಕೋಣೆಯಿಂದ ಬೇರೆಯವರ ನಕ್ಷೆಯನ್ನು ತುಂಬುವ ಕೈಗಳು ಹೊರಬರಬಹುದೇ ಹೊರತು, ತನ್ನ ನಕ್ಷೆಯನ್ನು ತಾನೇ ಬರೆಯುವ ಕಲಾವಿದ ಹೊರಬರಲಾರನು. ಯಂತ್ರಕ್ಕೆ ತೆಗೆದಿಡುವ ಹಣದ ಒಂದು ಪಾಲನ್ನು ಚಿತ್ರಕಲಾ ಶಿಕ್ಷಕರ ಸಂಬಳಕ್ಕೆಂದು ಶಾಶ್ವತ ನಿಧಿಯಾಗಿ ಇಡುವ ದಾನಿಯ ಹೆಸರು ಫಲಕದ ಮೇಲೆ ಇರದಿದ್ದರೂ ಮಕ್ಕಳ ರೇಖೆಯಲ್ಲಿ ಇರುತ್ತದೆ.

ಶಿಕ್ಷಕರಿಂದ ಆಗಬೇಕಾದುದೂ ಇದೆ, ಅದಕ್ಕೆ ಹಣ ಹೆಚ್ಚು ಬೇಡ. ಪ್ರತಿಯೊಂದು ಮಗುವಿಗೂ ಗೀಟಿಲ್ಲದ ಒಂದು ಪುಸ್ತಕ, ಒಂದು ಸೀಸದ ಕಡ್ಡಿ. ತಿಂಗಳಿಗೊಂದು ಶನಿವಾರ ಸೋಮೇಶ್ವರ ಗುಡಿಯ ಕಂಬದ ಮುಂದೆಯೋ, ಊರ ವೀರಗಲ್ಲಿನ ಮುಂದೆಯೋ, ಮಾವಿನ ಮರದ ಕೆಳಗೋ ಕುಳಿತು ಕಂಡದ್ದನ್ನು ಬರೆಯುವುದು. ಗುಡಿಯ ಇತಿಹಾಸವನ್ನು ಸಮಾಜದ ಪಾಠಕ್ಕೂ, ಕಥೆಯನ್ನು ಕನ್ನಡ ಪಾಠಕ್ಕೂ, ಅಳತೆಯನ್ನು ಗಣಿತಕ್ಕೂ ಹೊಂದಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಈ ಉದ್ಯಮದಲ್ಲಿಯೇ ಇರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಆ ಪುಸ್ತಕಗಳನ್ನು ತಿರುವಿ ಹಾಕಿ, ಯಾವ ರೇಖೆ ಆಟಕ್ಕೆ ಒದಗುತ್ತದೆಂದು ಮಕ್ಕಳೊಡನೆ ಕುಳಿತು ತೋರಿಸಿದರೆ, ಗುರುಋಣದ ಒಂದಂಶ ಸಂದಂತಾಗುತ್ತದೆ.

ಆ ಮಕ್ಕಳೆಲ್ಲರೂ ಆಟ ರಚಿಸಬೇಕೆಂದಿಲ್ಲ. ಕೆಲವರು ವ್ಯವಸಾಯ ಮಾಡುವರು, ಕೆಲವರು ಇಂಜಿನಿಯರಾಗುವರು. ಆದರೆ ಎಂದೋ ಒಬ್ಬಳು ಮುಳಬಾಗಿಲಿನ ಹುಡುಗಿ, ಎಂದೋ ಒಬ್ಬ ಶ್ರೀನಿವಾಸಪುರದ ಹುಡುಗ ತನ್ನ ಆಟವನ್ನು ಜಗತ್ತಿನ ಮುಂದಿಡುವ ದಿನ ಬರುತ್ತದೆ. ಅಂದು ಹೆಸರನ್ನು ಮುಚ್ಚಿ ಆ ಚಿತ್ರವನ್ನು ನೋಡಿದವರೂ ಇದು ಕೋಲಾರ ಸೀಮೆಯ ಕೈ ಎಂದು ಗುರುತಿಸುವಂತಾಗಬೇಕು. ಗುಂಡಪ್ಪನವರಿಗೂ ಮಾಸ್ತಿಯವರಿಗೂ ಒಲಿದ ಮಾರ್ಗವು ಇದೇ ಮಣ್ಣಿನ ಮಕ್ಕಳಿಗೆ ಹೊಸ ರೂಪದಲ್ಲಿ ಒಲಿಯಲಿ. ಅದಕ್ಕೆ ಬೇಕಾದ ಸೀಸದ ಕಡ್ಡಿಯನ್ನು ಅವರ ಕೈಗಿಡುವ ಸುಕೃತವು ಹಿರಿಯರಿಗೆ ದೊರೆಯಲಿ.